ರಸೂಲನ ಸರದಿ

ಚಟ್ಟದ ಬಿದಿರಿಗೆ ಹಗ್ಗ ಸುತ್ತುತ್ತಿದ್ದ ಮೆಹಬೂಬ ಗಂಟು ಬಿಗಿದ, ಬಿಚ್ಚಿದ, ಮತ್ತೆ ಬಿಗಿದ.

"ಸಾಕು ಬುಡ್ಲಾ. ಒಂದ್ ಗಂಟ್ಗೆ ಎಷ್ಟೊತ್ತು?" ಎಂದು ಗೋಲ್‌ಕೀಪರ್ ಸ್ವಾಮಿ ರೇಗಿದ.

ಮೆಹಬೂಬನಿಗೆ ಕೈಗೊಂದು ಕೆಲಸ ಬೇಕಿತ್ತು, ಅಷ್ಟೇ. ಸುಮ್ಮನೆ ಕೂತರೆ ಆ ಕೈ ಇವತ್ತು ಸಂಜೆ ಏನು ಮಾಡಬೇಕಿತ್ತು ಎಂಬುದು ನೆನಪಿಗೆ ಬಂದು ಕಾಡುತ್ತಿತ್ತು.

ಸಂಜೆ ರಾಮಗಿರಿ ಬಾಯ್ಸ್ ಫುಟ್‌ಬಾಲ್ ಕ್ಲಬ್ಬಿನ ಮೀಟಿಂಗು. ಇಪ್ಪತ್ತು ವರ್ಷದಿಂದ ಮ್ಯಾನೇಜರಾಗಿದ್ದ ಬೋರಲಿಂಗಯ್ಯನವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಕೈ ಎತ್ತಿ ತೀರ್ಮಾನಿಸುವ ಮೀಟಿಂಗು. ತಂಡ ಸೋತು ಸುಣ್ಣವಾಗಿತ್ತು. ಚೆಂಡು ಹರಿದರೆ ಚಂದಾ ಎತ್ತಬೇಕಿತ್ತು. ಬಿಡದಿಯಲ್ಲಿ ಹೊಸದಾಗಿ ಎದ್ದ ಫ್ಯಾಕ್ಟರಿಯೊಂದು ಬೂಟು ಬಟ್ಟೆ ಎಲ್ಲ ಕೊಡಲು ಮುಂದೆ ಬಂದಿತ್ತು, ಆದರೆ ಮ್ಯಾನೇಜರು ಅವರ ಕಡೆಯವನೇ ಆಗಬೇಕು. ಆ ಫ್ಯಾಕ್ಟರಿಗೆ ಆಳು ಸೇರಿಸುವ ಕಂಟ್ರಾಕ್ಟರ್ ಮಹೇಂದ್ರನೇ ಕ್ಲಬ್ಬಿನ ಸೆಕ್ರೆಟರಿ. ಹಿಂದೆ ಬೋರಲಿಂಗಯ್ಯನವರ ಕೈಕೆಳಗೆ ಇದೇ ತಂಡದಲ್ಲಿ ಆಡಿದವನು. ಕ್ಯಾಪ್ಟನ್ ಮೆಹಬೂಬ ದುಡಿಯುತ್ತಿದ್ದ, ರೇಷ್ಮೆ ನೂಲು ಬಿಚ್ಚುವ ಫಿಲೇಚರು ಬಾಗಿಲು ಹಾಕಿ ತಿಂಗಳುಗಳಾಗಿದ್ದವು.

"ನೀನ್ ಅಣ್ಣನ್ ವಿರುದ್ಧ ಕೈ ಎತ್ತುದ್ರೆ ಹುಡುಗ್ರೂ ಎತ್ತಾರೆ. ಒಂದ್ನೇ ತಾರೀಕಿಂದ ಫ್ಯಾಕ್ಟ್ರೀಲಿ ಕೆಲ್ಸ ನಿಂಗೆ," ಎಂದಿದ್ದ ಮಹೇಂದ್ರ.

ಬೆಳಿಗ್ಗೆ ಹಾಲು ತರಲು ಹೋದ ಬೋರಲಿಂಗಯ್ಯ ಅಂಗಡಿಯ ಮುಂದೆಯೇ ಕುಸಿದರು. ಮತ್ತೆ ಏಳಲಿಲ್ಲ.

ಈಗ ಮಹೇಂದ್ರ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಅಣ್ಣನ ಮರ್ವಾದೆ ಉಳೀತು, ನಿಂಗೂ ಮುಜುಗರ ತಪ್ತು ಕಣ್ಲಾ. ನಿನ್ ಕೆಲ್ಸಕ್ಕೇನೂ ತೊಂದ್ರೆ ಇಲ್ಲ."

ಮೆಹಬೂಬ ತಲೆಯಾಡಿಸಿದ. ಕೈ ಎತ್ತುತ್ತಿದ್ದನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಇನ್ನು ಗೊತ್ತಾಗುವ ದಾರಿಯೂ ಇರಲಿಲ್ಲ.

*

ಹೋದ ತಿಂಗಳು, ಕನಕಪುರದ ಮೈದಾನ. ಎರಡೂ ಕಡೆ ಒಂದೊಂದು ಗೋಲು. ಸಮನಾದರೂ ಸಾಕು, ಸೆಮಿಫೈನಲ್ ಗ್ಯಾರಂಟಿ. ಆಟ ಇನ್ನೇನು ಮುಗಿಯಬೇಕು, ಬೋರಲಿಂಗಯ್ಯ ರೆಫರಿಯ ಕಡೆ ಕೈ ಎತ್ತಿದರು. ಆಟಗಾರನನ್ನು ಬದಲಾಯಿಸುವಾಗ ಹೆಸರು ಕೂಗುವ ಅಭ್ಯಾಸ ಅವರಿಗಿರಲಿಲ್ಲ. ಆಟ ನಿಂತಾಗ ಒಳಗೆ ಹೋಗಿ ಹೆಗಲಿಗೆ ಎರಡು ಸಲ ತಟ್ಟಿದರೆ ಹೊರಗೆ ಬಾ ಎಂದರ್ಥ. ಅವತ್ತು ತಟ್ಟಿದ್ದು ಮೆಹಬೂಬನ ಹೆಗಲಿಗೆ.

ಅವನ ಬದಲು ಒಳಗೆ ಹೋದವನು ರಸೂಲ್, ರೇಷ್ಮೆಗೂಡಿನ ಮಾರುಕಟ್ಟೆಯ ಹಮಾಲಿ. ಮೂವತ್ತು ದಾಟಿದ ಆಳು. ಪ್ರಾಕ್ಟೀಸನ್ನು ಒಂದು ದಿನವೂ ತಪ್ಪಿಸಿದವನಲ್ಲ, ಆಟ ಮಾತ್ರ ತಲೆಗೆ ಹತ್ತಿರಲಿಲ್ಲ.

ಎದುರಾಳಿ ಒದ್ದ ಚೆಂಡು ಗೋಲಿನ ಮುಂದೆ ಎತ್ತರದಿಂದ ಇಳಿಯಿತು. ಲಾರಿಯ ಮೇಲಿಂದ ಎಸೆದ ರೇಷ್ಮೆಗೂಡಿನ ಚೀಲ ಹಿಡಿಯುವ ಹಾಗೆ ರಸೂಲ್ ಅದನ್ನು ಎರಡೂ ಕೈಯಲ್ಲಿ ಬಾಚಿ ಎದೆಗೆ ಅವುಚಿಕೊಂಡ. ಹಿಡಿದ ಮೇಲೆ, ಎಲ್ಲಿ ಇಳಿಸಲಿ ಎಂಬಂತೆ ಸುತ್ತ ನೋಡಿದ. ಪೆನಾಲ್ಟಿ, ಗೋಲು, ಸೋಲು.

"ಏನ್ ಬೋರಣ್ಣ ಇದು? ಗೆಲ್ಲೋದ್ ಬ್ಯಾಡ್ವಾ ನಿಮ್ಗೆ?" ಎಂದು ಮೆಹಬೂಬ ಕೂಗಾಡಿದ.

"ಬೇಕು ಕಣ್ಲಾ. ಆದ್ರೆ ಅವ್ನೂ ದಿನಾ ಬತ್ತಾನೆ. ಬಂದೋನ್ನ ಸುಮ್ಕೆ ಕೂರ್ಸಿ ಕಳ್ಸಕ್ಕಾಯ್ತದಾ? ನಿನ್ನೂ ಮೊದ್ಲು ಹಿಂಗೇ ಇಳ್ಸಿದ್ದು. ನೀನೇನ್ ಅವತ್ತು ಗೆಲ್ಸ್‌ಬುಟ್ಯಾ?" ಎಂದು ಅವರು ನಕ್ಕರು.

ಆ ನಗುವಿಗೆ ಮೆಹಬೂಬನ ಮೈಯೆಲ್ಲ ಉರಿದುಹೋಗಿತ್ತು. ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟಿದ್ದ.

*

ಹೆಣ ಎತ್ತುವಾಗ ಬೋರಲಿಂಗಯ್ಯನವರ ಹೆಂಡತಿ ಅಂಬುಜಮ್ಮ ಹೊಸ್ತಿಲಲ್ಲಿ ನಿಂತು, "ಒಸಿ ಮೆಲ್ಲುಕ್ ಎತ್ಕೊಂಡೋಗ್ರಪ್ಪ. ಬಸ್ಸು ಕುಲುಕುದ್ರೂ ಅವ್ರಿಗೆ ಆಯ್ತಿರ್ಲಿಲ್ಲ," ಎಂದರು.

ತಮಟೆ ಮುಂದೆ, ಪುರಿ ಎರಚುವವರು ಹಿಂದೆ. ದಾರಿಯುದ್ದಕ್ಕೂ ಹೆಗಲು ಬದಲಾಗುತ್ತಲೇ ಇತ್ತು, ಮಹೇಂದ್ರನದೊಂದನ್ನು ಬಿಟ್ಟು. ಪೇಪರಿನವನೊಬ್ಬ ಕ್ಯಾಮೆರಾ ಹಿಡಿದು ಜೊತೆಗೇ ಬರುತ್ತಿದ್ದ. ಫೋಟೋದ ಆಸೆಗೆ ಮಹೇಂದ್ರ ಮುಂದಿನ ಬಿದಿರು ಬಿಡಲೊಲ್ಲ. ಆಳು ಎತ್ತರ, ಹೀಗಾಗಿ ಚಟ್ಟ ಒಂದು ಕಡೆ ವಾಲಿ, ಹೆಜ್ಜೆ ಹೆಜ್ಜೆಗೂ ಕುಲುಕುತ್ತಿತ್ತು. ಎದೆಯ ಮೇಲಿನ ಹಾರ ಜಾರಿ ಪಕ್ಕಕ್ಕೆ ಇಳಿದಿತ್ತು.

ರಸೂಲ್ ಎರಡು ಸಲ ಹತ್ತಿರ ಬಂದ.

"ಹಿಂದಿರ್ಲಾ ನೀನು, ಬೀಳ್ಸ್‌ಬುಟ್ಟೀಯ," ಎಂದ ಮಹೇಂದ್ರ.

"ಇಲ್ಲಾದ್ರೂ ಕೈಲಿ ಹಿಡೀಬೋದು, ಬುಡಣ್ಣ," ಎಂದು ಯಾರೋ ಕಿಸಕ್ಕೆಂದರು. ರಸೂಲ್ ತಲೆ ತಗ್ಗಿಸಿ ಹಿಂದಕ್ಕೆ ಸರಿದ.

ಮುಂದೆಯೇ ಇನ್ನೊಂದು ಬದಿಯ ಬಿದಿರಿಗೆ ಹೆಗಲು ಕೊಟ್ಟಿದ್ದ ಮೆಹಬೂಬ ಇದನ್ನೆಲ್ಲ ಕೇಳಿಸಿಕೊಂಡ. ಜಾರಿದ ಹಾರವನ್ನೊಮ್ಮೆ ತಿರುಗಿ ನೋಡಿದ. ಖಾಲಿಯಿದ್ದ ಕೈಯನ್ನು ಮೇಲೆತ್ತಿದ. ತಮಟೆ ನಿಂತಿತು.

"ಏನಾಯ್ತ್ಲಾ?" ಎಂದ ಮಹೇಂದ್ರ.

ಮೆಹಬೂಬ ಅದೇ ಕೈಯನ್ನು ಚಟ್ಟದ ಕೆಳಗಿನಿಂದ ಚಾಚಿ ಮಹೇಂದ್ರನ ಹೆಗಲಿಗೆ ತಟ್ಟಿದ. ಒಂದು, ಎರಡು.

ಹಳೆಯ ಆಟಗಾರನ ಕಾಲು ಯೋಚನೆಗೆ ಕಾಯಲಿಲ್ಲ. ಮಹೇಂದ್ರ ಹೆಗಲು ತಗ್ಗಿಸಿ ಹೊರಕ್ಕೆ ಹೆಜ್ಜೆ ಇಟ್ಟೇಬಿಟ್ಟ. ಬಿದಿರು ಜಾರಿತು, ಜನ ಅಯ್ಯೋ ಎಂದರು. ಅಷ್ಟರಲ್ಲಿ ಹಿಂದಿನಿಂದ ನುಗ್ಗಿದ ರಸೂಲ್ ಅದನ್ನು ಎರಡೂ ಕೈಯಲ್ಲಿ ಬಾಚಿ ಎದೆಗೆ ಅವುಚಿಕೊಂಡ.

"ಇನ್ಮೇಲೆ ಫ್ಯಾಕ್ಟ್ರಿ ಗೇಟ್ ತಾವ್ಕೂ ಬರ್ಬ್ಯಾಡ ನೀನು!" ಮಹೇಂದ್ರನ ದನಿ ರಸ್ತೆ ಬದಿಯಿಂದ ಬಂತು. ಮೆಹಬೂಬನಿಗೆ ಚೆನ್ನಾಗಿಯೇ ಕೇಳಿಸಿತು.

"ನಡೀರಿ," ಎಂದ ತಮಟೆಯವರಿಗೆ.

ರಸೂಲ್ ಈ ಸಲ ಸುತ್ತ ನೋಡಲಿಲ್ಲ. ಬಿದಿರನ್ನು ಹೆಗಲಿಗೇರಿಸಿ, ಮೆಹಬೂಬನ ಎತ್ತರಕ್ಕೆ ಒಂದಿಷ್ಟು ಬಾಗಿ, ಹೆಜ್ಜೆ ಹಾಕಿದ. ಚಟ್ಟ ಸಮನಾಯಿತು. ಹಾರ ಅಲ್ಲಾಡಲಿಲ್ಲ.