ಕಪ್ತಾನ ಕೊಟ್ಟ ಮಣಿಸರ

ಹಡಗಿನ ಅಡುಗೆ ಕೆಲಸ ಬಿಟ್ಟು ದೂಜ ವಡಾಲದ ಮನೆಗೆ ಬಂದ ದಿನವೇ ಅವನ ಹೆಂಡತಿ ಸೇವಂತಿ ಒಂದು ಎಡವಟ್ಟು ಮಾಡಿದಳು. ಒಗೆಯಲು ತೆಗೆದ ಅಂಗಿಯ ಜೇಬಿನಲ್ಲಿ ಜೇನುಬಣ್ಣದ ಪುಟ್ಟ ಮಣಿಸರ ಸಿಕ್ಕಿತು. ಸಮುದ್ರದ ಮೇಲಾದರೂ ಈ ಮನುಷ್ಯನಿಗೆ ಜಪ ಮಾಡುವ ಬುದ್ಧಿ ಬಂತಲ್ಲ ಎಂದು ಹಿಗ್ಗಿ, ಅದನ್ನು ತೊಳೆದು, ಕುಂಕುಮ ಹಚ್ಚಿ, ದೇವರ ಗೂಡಿನ ದುರ್ಗೆಯ ಕೊರಳಿಗೆ ಹಾಕಿಬಿಟ್ಟಳು.

ದೂಜ ನೋಡಿದ. ದೇವಿಯ ಮೈಮೇಲಿಂದ ತೆಗೆದುಕೊಡು ಎನ್ನುವ ಎದೆಗಾರಿಕೆ ಯಾವ ಗಂಡಸಿಗಿದೆ!

ಅಂದಿನಿಂದ ಅವನ ಕೈ ಸುಮ್ಮನಿರಲಿಲ್ಲ. ಚಮಚ ತಿರುಗಿಸುವುದು, ಅಂಗಿಯ ಗುಂಡಿ ತಿರುಚುವುದು, ಕೀಲಿಗೊಂಚಲು ಕುಣಿಸುವುದು. ಸೇವಂತಿಗೆ ರೇಗಿ ಹೋಗುತ್ತಿತ್ತು.

ಒಂದು ಸಂಜೆ ಅವಳು ದಾದರಿನಿಂದ ತರಕಾರಿ ತರುವಾಗ ಪಾನ್ ಅಂಗಡಿಯ ಎದುರು ಗಂಡ ನಿಂತಿದ್ದ. ತುಟಿಯಲ್ಲಿ ಇನ್ನೂ ಹೊತ್ತಿಸದ ಸಿಗರೇಟು. ಮತ್ತೆ ಸೇದಿದರೆ ಪುಪ್ಪುಸ ಉಳಿಯುವುದಿಲ್ಲವೆಂದು ಡಾಕ್ಟರು ಗದರಿಸಿದ್ದರು.

"ಎಂತ ಇದು? ಬಿಟ್ಟಿದ್ರಲ್ಲ ನೀವು!"

"ಬಿಟ್ಟದ್ದು ನಾನಲ್ಲ ಮಾರಾಯ್ತಿ, ಬಿಡಿಸಿದ್ದು ಆ ಸರ," ಎಂದ ದೂಜ, ತಲೆ ತಗ್ಗಿಸಿ. "ನಮ್ಮ ಕಪ್ತಾನ ಗ್ರೀಸಿನವ. ನನ್ನ ಕೆಮ್ಮು ನೋಡ್ಲಿಕ್ಕಾಗದೆ ಅವನ ಅಪ್ಪನ ಸರ ಕೊಟ್ಟ. ಕೊಂಬೊಲೊಯಿ ಅಂತಾರೆ. ಜಪಕ್ಕಲ್ಲ ಅದು, ಮಂತ್ರವೂ ಇಲ್ಲ. ಅಲ್ಲಿ ಗಂಡಸ್ರು ಕಾಫಿ ಅಂಗಡೀಲಿ ಕೂತು ಸುಮ್ನೆ ಟಕ್ ಟಕ್ ಆಡಿಸ್ತಾರೆ. ತಲೆಬಿಸಿ ಇಳೀತದೆ. ಸಿಗರೇಟು ಬೇಕನಿಸಿದಾಗ ಕೈಗೊಂದು ಕೆಲಸ."

"ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು?"

"ದೇವಿಗೆ ಹಾಕಿದ್ದನ್ನ ಹೇಗೆ ಕೇಳುವುದು?"

ಸೇವಂತಿ ಅವನ ತುಟಿಯಿಂದ ಸಿಗರೇಟು ಕಿತ್ತು ಗಟಾರಕ್ಕೆಸೆದಳು. ಮನೆಗೆ ಬಂದವಳೇ ಕೈಕಾಲು ತೊಳೆದು ಗೂಡಿನ ಮುಂದೆ ನಿಂತಳು. ಕೊಟ್ಟದ್ದನ್ನು ದೇವಿಯಿಂದ ಹಿಂದೆ ತೆಗೆಯುವುದೆಂದರೆ ಅವಳಿಗೆ ಹೆದರಿಕೆ. ಆದರೂ "ತಪ್ಪಾಯ್ತಮ್ಮಾ" ಎಂದು ಕೆನ್ನೆ ಬಡಿದುಕೊಂಡು ತೆಗೆದಳು, ಸೆರಗಿನಲ್ಲಿ ಒರೆಸಿ ಗಂಡನ ಅಂಗೈಗೆ ಹಾಕಿದಳು.

ಮಣಿಗಳು ಟಕ್ ಎಂದವು. ದೂಜನ ಹೆಗಲು ಇಳಿಯಿತು, ಮುಖ ಸಡಿಲವಾಯಿತು. ತಾನು ಮುಖವನ್ನೇ ನೋಡದ ಯಾರೋ ಒಬ್ಬ, ಅವನ ಅಪ್ಪನ ನೆನಪನ್ನೇ ಕೊಟ್ಟು ತನ್ನ ಗಂಡನನ್ನು ಕಾಯ್ದನಲ್ಲ ಎಂದು ಸೇವಂತಿಯ ಕಣ್ಣು ತುಂಬಿತು.

"ನಾಳೆ ದೇವಸ್ಥಾನದಲ್ಲಿ ಅವನ ಹೆಸರಲ್ಲಿ ಒಂದು ಅರ್ಚನೆ ಮಾಡಿಸ್ತೇನೆ. ಹೆಸರೆಂತ?"

"ಸ್ಟಾವ್ರೊಸ್."

"ನಕ್ಷತ್ರ?"

ದೂಜ ನಕ್ಕುಬಿಟ್ಟ. "ಗ್ರೀಸಿನವರಿಗೆ ಎಲ್ಲಿಯ ನಕ್ಷತ್ರ!"

ಸೇವಂತಿ ನಗಲಿಲ್ಲ. ಬತ್ತಿ ಹೊಸೆದು ದೀಪಕ್ಕಿಟ್ಟಳು.

"ಹಾಗಾದ್ರೆ ಭಟ್ಟರಿಗೆ ನನ್ನ ನಕ್ಷತ್ರವನ್ನೇ ಹೇಳ್ತೇನೆ," ಎಂದಳು. "ನನಗೆ ಬರುವ ಪುಣ್ಯ ಅವನಿಗೇ ಹೋಗಲಿ."