ಗದಿಗೆವ್ವನ ಟೇಬಲ್ ಫ್ಯಾನು

ಮಧು ಯಾರ ಹತ್ತಿರವೂ ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ರಾಣೆಬೆನ್ನೂರಿನಿಂದ ಹಾವೇರಿಗೆ ಹೋಗುವ ಪ್ಯಾಸೆಂಜರ್ ರೈಲಿನ ಹುಡುಗರಲ್ಲಿ ಅವನ ಹೆಸರು ಓಡಾಡುತ್ತಿದ್ದುದು ಅದರಿಂದಲೇ. ಎರಡು ಸಾವಿರದ ಏಳನೆಯ ಇಸವಿ ಅದು. ಗೇಮ್ ಆಡಲು ಬರುವಂಥ ಕಂಪ್ಯೂಟರ್ ಬೇಕೆಂದರೆ ಅಂಗಡಿಯವರು ಹೇಳುವ ಬೆಲೆ ಕೇಳಿ ಅಪ್ಪಂದಿರು ಎದ್ದು ಹೊರಗೆ ಹೋಗುತ್ತಿದ್ದ ಕಾಲ. ಹಾವೇರಿಯಲ್ಲಿ ಬಿಸಿಎ ಓದುತ್ತಿದ್ದ ಮಧು ಹುಬ್ಬಳ್ಳಿಗೆ ಹೋಗಿ, ನಾಲ್ಕಾರು ಅಂಗಡಿ ಅಲೆದು, ಒಂದು ಕಡೆ ಮದರ್‌ಬೋರ್ಡು, ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡು, ಮತ್ತೆಲ್ಲೋ ಯಾರೋ ಬಳಸಿ ಬಿಟ್ಟ ದೊಡ್ಡ ಹೊಟ್ಟೆಯ ಮಾನಿಟರು ಹೊಂದಿಸಿ ತಂದು, ಮನೆಗೇ ಬಂದು ಕೂಡಿಸಿಕೊಡುತ್ತಿದ್ದ. ಅವನಿಗೆ ಬಸ್ ಚಾರ್ಜು, ಒಂದು ಪ್ಲೇಟು ಮಂಡಕ್ಕಿಯ ಗಿರಮಿಟ್ಟು ಮತ್ತು ಹೊಟ್ಟೆ ತುಂಬ ಹೊಗಳಿಕೆ ಕೊಟ್ಟರೆ ಸಾಕಿತ್ತು. ಹೊಗಳಿಕೆ ಸ್ವಲ್ಪ ಕಡಿಮೆಯಾದರೆ ಮಾತ್ರ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ.

ಇಂಥ ಹುಡುಗ ಕದ್ದ. ಅದೂ ಜೀವದ ಗೆಳೆಯನ ಮನೆಯಲ್ಲಿ.

ಗೆಳೆಯನ ಹೆಸರು ಚೇತನಕುಮಾರ, ಊರು ಬ್ಯಾಡಗಿ. ಅವನ ಅಪ್ಪ ಸಿದ್ದಲಿಂಗಪ್ಪನವರದು ಮೆಣಸಿನಕಾಯಿ ದಲಾಲಿ ಅಂಗಡಿ. ಮನೆಯ ಪಡಸಾಲೆಯಲ್ಲೂ ಮೆಣಸಿನಕಾಯಿ ಚೀಲ. ಹೊಸಬರು ಹೊಸ್ತಿಲು ದಾಟುವಷ್ಟರಲ್ಲಿ ಮೂರು ಸಲ ಸೀನಬೇಕು. ಆ ಘಾಟು, ಆ ಧೂಳು ಕಂಪ್ಯೂಟರಿಗೆ ಆಗಿಬರುವುದಿಲ್ಲ ಎಂದು ಮಧು ಮನೆಯೆಲ್ಲ ಸುತ್ತಿ ನೋಡಿ, ಹಿತ್ತಲ ಕಡೆಯ ತಗಡಿನ ಕೋಣೆಯನ್ನು ಆರಿಸಿದ. ಅಲ್ಲಿ ಚೇತನನ ಅಜ್ಜಿ ಗದಿಗೆವ್ವ ಮಲಗಿರುತ್ತಿದ್ದಳು. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವಳಿಗೆ ಮಂಚವೇ ಊರು. ತಗಡಿನ ಮಾಡಿಗೆ ಫ್ಯಾನ್ ತೂಗುಹಾಕಲು ಕೊಂಡಿಯಿರಲಿಲ್ಲ, ಹಾಗಾಗಿ ತಲೆಯ ಹತ್ತಿರ ಸ್ಟೂಲಿನ ಮೇಲೆ ಅವಳದೊಂದು ಟೇಬಲ್ ಫ್ಯಾನು ಕತ್ತು ತಿರುಗಿಸುತ್ತ ಇರುತ್ತಿತ್ತು.

ಕಂಪ್ಯೂಟರ್ ಕೂಡಿಸಿದ್ದು ಶಿವರಾತ್ರಿಗೆ ಮುಂಚೆ. ಪ್ರೊಸೆಸರಿನ ಡಬ್ಬಿಯಲ್ಲಿ ಅದು ಬಿಸಿಯಾಗದಂತೆ ಮೇಲೆ ಕೂರಿಸುವ ಹೊಚ್ಚ ಹೊಸ ಫ್ಯಾನು ಬಂದಿತ್ತು. ದಪ್ಪನೆಯದು, ಕೆಳಗೆ ನಡುವೆ ತಾಮ್ರದ ಬಿಲ್ಲೆ ಇದ್ದದ್ದು. ಮಧುವಿನ ಸ್ವಂತ ಕಂಪ್ಯೂಟರು ರಾಣೆಬೆನ್ನೂರಿನಲ್ಲಿ ಒಂದು ಸಣಕಲು ಫ್ಯಾನಿನಿಂದ ಕಿರಗುಟ್ಟುತ್ತ ಬಿಸಿಯಾಗುತ್ತಿತ್ತು. ಹತ್ತಾರು ಮಂದಿಗೆ ಚಲೋ ಕಂಪ್ಯೂಟರ್ ಮಾಡಿಕೊಟ್ಟವನು ತಾನು ಮಾತ್ರ ಹಳೆಯದರಲ್ಲಿ ಗೋಳಾಡುತ್ತಿದ್ದ. ಚೀಲದಲ್ಲಿ ಹಳೆಯ ಕಂಪ್ಯೂಟರಿನಿಂದ ಕಿತ್ತ ಇನ್ನೊಂದು ಸಣ್ಣ ಫ್ಯಾನಿತ್ತು. ಚೇತನ ವೈರಿನ ಬೋರ್ಡು ತರಲು ಹೊರಗೆ ಹೋಗಿದ್ದ. ಹೊಸದು ಚೀಲಕ್ಕೆ ಹೋಯಿತು, ಹಳೆಯದು ಪ್ರೊಸೆಸರಿನ ಮೇಲೆ ಕೂತಿತು. ಮಂಚದ ಮೇಲಿಂದ ಅಜ್ಜಿ ಪಿಳಿಪಿಳಿ ನೋಡುತ್ತಿದ್ದಳು. ಅವಳಿಗೇನು ತಿಳಿಯುತ್ತದೆ ಎಂದುಕೊಂಡ ಮಧು. ಕೂಲಿ ಕೇಳದವನು ಒಂದು ಫ್ಯಾನು ಇಟ್ಟುಕೊಂಡರೆ ಅದು ಕಳವು ಹೇಗಾಗುತ್ತದೆ ಎಂದೂ ಅಂದುಕೊಂಡ. ನಮ್ಮ ಪರವಾಗಿ ವಾದಿಸುವಾಗ ನಾವೆಲ್ಲ ದೊಡ್ಡ ವಕೀಲರೇ.

ಚಳಿ ಇರುವವರೆಗೆ ಏನೂ ಆಗಲಿಲ್ಲ. ಯುಗಾದಿ ಕಳೆದು ತಗಡು ಕಾಯತೊಡಗಿದ ಮೇಲೆ ರೈಲಿನಲ್ಲಿ ಚೇತನ ತಕರಾರು ತೆಗೆದ.

"ಲೇ ಮಧ್ಯಾ, ಕಾರ್ ರೇಸ್ ಆಡಾಕತ್ತಿದ್ರ ನಡುವ ಟಪ್ ಅಂತ ಆಫ್ ಆಗತೈತಿ. ಗೆಲ್ಲೂದ್ರಾಗ ಇರತೇನಿ, ಆವಾಗ!"

ಮಧುವಿಗೆ ಕಾರಣ ಆ ಕ್ಷಣವೇ ಗೊತ್ತಾಯಿತು. ಗೊತ್ತಾದದ್ದನ್ನು ನುಂಗಿಕೊಂಡು ಕಿಟಕಿಯ ಕಡೆ ನೋಡುತ್ತ ಹೇಳಿದ: "ಬ್ಯಾಸಗಿ ಐತಲ್ಲೋ, ಬಿಸಿ ಆಗತೈತಿ. ಡಬ್ಬದ ಬಾಜೂದ ತಗಡ ಬಿಚ್ಚಿ ಒಂದು ಟೇಬಲ್ ಫ್ಯಾನ್ ಹಚ್ಚಿಬಿಡು. ಏನೂ ಆಗಂಗಿಲ್ಲ."

ಮರುದಿನ ಚೇತನ ಕುಣಿಯುತ್ತ ಬಂದ. "ಮಸ್ತ್ ಐಡಿಯಾ ದೋಸ್ತ! ಈಗ ಎಷ್ಟ ಹೊತ್ತ ಆಡಿದ್ರೂ ಆಫ್ ಆಗವಲ್ದು." ಗಾಡಿಯಲ್ಲಿದ್ದ ಹುಡುಗರೆಲ್ಲ ಮಧುವಿನ ಬುದ್ಧಿಯನ್ನು ಕೊಂಡಾಡಿದರು. ಅವನಿಗೆ ಖುಷಿಯೂ ಆಯಿತು. ನಾಚಿಕೆ ಆಗಬೇಕಿತ್ತು, ಆಗಲಿಲ್ಲ.

ಆ ನಾಚಿಕೆ ಆದದ್ದು ಮೇ ತಿಂಗಳಲ್ಲಿ, ಪರೀಕ್ಷೆ ಮುಗಿದ ಮೇಲೆ ಹೊಸ ಗೇಮಿನ ಸಿಡಿ ಹಿಡಿದುಕೊಂಡು ಬ್ಯಾಡಗಿಗೆ ಹೋದಾಗ. ತಗಡಿನ ಕೋಣೆಯೊಳಗೆ ಕಾಲಿಟ್ಟರೆ ಒಲೆಯ ಮುಂದೆ ಕೂತ ಹಾಗೆ ಝಳ. ಸ್ಟೂಲು ಮಂಚದ ತಲೆದೆಸೆಯಲ್ಲಿರಲಿಲ್ಲ. ಕಂಪ್ಯೂಟರಿನ ಬಗಲಲ್ಲಿತ್ತು. ಟೇಬಲ್ ಫ್ಯಾನು ಕತ್ತು ತಿರುಗಿಸದೆ, ಬಿಚ್ಚಿದ ಡಬ್ಬಕ್ಕೆ ಮುಖ ಕೊಟ್ಟು ಭರ್ರನೆ ಓಡುತ್ತಿತ್ತು. ಗದಿಗೆವ್ವ ಸೆರಗಿನ ತುದಿಯಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ತಲೆದಿಂಬು ತೊಯ್ದು ಕಪ್ಪಾಗಿತ್ತು.

"ಬಾ ತಮ್ಮಾ," ಎಂದಳು. "ನಿಮ್ಮ ಪೆಟ್ಟಿಗಿ ಭಾಳ ಬೆವರತೈತಂತ. ನಾ ಆದ್ರ ವರಸ್ಕೋತೇನಿ, ಅದಕ್ಕ ಕೈ ಇಲ್ಲಲ್ಲ ಪಾಪ."

ಮಧು ನಗಲು ಹೋದ, ನಗು ಬರಲಿಲ್ಲ. "ಅಜ್ಜಿಗೆ ಫ್ಯಾನ್ ಬ್ಯಾಡೇನಲೇ?" ಎಂದು ಚೇತನನನ್ನು ಕೇಳಿದ.

"ಅಕಿಗೆ ಗಾಳಿ ಬಡದ್ರ ಕೀಲು ಹಿಡಿತಾವಂತ. ಅಕಿನ ಹೇಳ್ಯಾಳ. ಅಪ್ಪಗೂ ಹಂಗ ಅಂದಾಳ," ಎಂದ ಚೇತನ, ಕಣ್ಣು ಪರದೆಯ ಮೇಲಿಂದ ಕೀಳದೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಂಬಿದರೆ ಲಾಭವಿರುವ ಮಾತನ್ನು ನಂಬಿಬಿಟ್ಟಿದ್ದ, ಅಷ್ಟೆ.

ಮಧು ಸಿಡಿ ಹಾಕಿಕೊಟ್ಟು, ಗಿರಮಿಟ್ಟಿಗೂ ನಿಲ್ಲದೆ ಹೊರಟುಬಿಟ್ಟ. ರಾಣೆಬೆನ್ನೂರಿಗೆ ಬಂದು ತನ್ನ ಕಂಪ್ಯೂಟರಿನ ಮುಂದೆ ಕೂತರೆ ಅದು ತಣ್ಣಗೆ, ಸದ್ದಿಲ್ಲದೆ ನಡೆಯುತ್ತಿತ್ತು. ತಲೆಯ ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿತ್ತು. ಅವ್ವ ಮಜ್ಜಿಗೆ ತಂದಿಟ್ಟಳು. ಲೋಟವನ್ನು ಬದಿಗೆ ಸರಿಸಿದ. ಆ ತೊಯ್ದ ತಲೆದಿಂಬು ಕಣ್ಣ ಮುಂದಿನಿಂದ ಹೋಗಲೊಲ್ಲದು. ಮುದುಕಿಯ ಪಾಲಿನ ಗಾಳಿಯನ್ನು ತಾನು ಇಲ್ಲಿ ಕೂತು ಉಣ್ಣುತ್ತಿದ್ದೇನೆ ಎನ್ನಿಸಿ, ಗುಂಡಿ ಒತ್ತಿ ಕಂಪ್ಯೂಟರನ್ನು ಆರಿಸಿದ.

ಬೆಳಗ್ಗೆ ಎದ್ದು ಕಂಪ್ಯೂಟರಿನಿಂದ ಆ ಕದ್ದ ಫ್ಯಾನನ್ನು ಬಿಚ್ಚಿದ. ಧೂಳು ಒರೆಸಿ, ತಾಮ್ರದ ಬಿಲ್ಲೆ ಹೊಳೆಯುವಂತೆ ಉಜ್ಜಿ, ಬಟ್ಟೆಯಲ್ಲಿ ಸುತ್ತಿಕೊಂಡು ಬ್ಯಾಡಗಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮಾತು ಜೋಡಿಸಿದ. ಮನೆ ಬಂದಾಗ ಬಾಯಿಂದ ಹೊರಟದ್ದು ಬೇರೆಯೇ.

"ಚೇತ್ಯಾ, ನಿನ್ನ ಕಂಪ್ಯೂಟರಿಗೆ ಚಲೋ ಫ್ಯಾನ್ ತಂದೇನಿ. ಇದನ್ನ ಹಾಕಿದ್ರ ಟೇಬಲ್ ಫ್ಯಾನ್ ಬೇಕಾಗಂಗಿಲ್ಲ."

ಚೇತನ ಅವನನ್ನು ತಬ್ಬಿಕೊಂಡ. "ನನಗ ಅಂತ ತಂದ್ಯಾ? ಎಷ್ಟ ಕೊಡಲಿ ಹೇಳು."

"ಏನೂ ಬ್ಯಾಡೋ," ಎಂದ ಮಧು. ಆ ಮಾತು ನಿಜವಾಗಿತ್ತು, ಅದಕ್ಕೇ ಅವನಿಗೆ ಮತ್ತಷ್ಟು ಹೇಸಿಗೆಯಾಯಿತು.

"ನೋಡಬೇ ಅಜ್ಜಿ, ದೋಸ್ತ ಅಂದ್ರ ಹಿಂಗಿರಬೇಕ!" ಎನ್ನುತ್ತ ಚೇತನ ಗಿರಮಿಟ್ಟು ಮಾಡಿಸಲು ಅಡುಗೆಮನೆಗೆ ಓಡಿದ.

ಮಧು ಕೆಳಗೆ ಕೂತು ಹಳೆಯ ಫ್ಯಾನು ಕಿತ್ತು, ಹೊಸದನ್ನು ಕೂರಿಸತೊಡಗಿದ. ಹಿಂದಿನಿಂದ ಗದಿಗೆವ್ವನ ದನಿ ಬಂತು.

"ಅದು ಅವತ್ತ ಡಬ್ಬಿಯಾಗಿಂದ ತಗದು ಚೀಲಕ್ಕ ಹಾಕ್ಕೊಂಡಿದ್ದೆಲ್ಲ, ಅದ ಅಲ್ಲೇನ ತಮ್ಮಾ?"

ಅವನ ಕೈಯಲ್ಲಿದ್ದ ಸ್ಕ್ರೂ ಡ್ರೈವರು ಜಾರಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ತಾಮ್ರದ ಬಿಲ್ಲಿ ನೋಡಿ ಗುರುತ ಹಿಡದೆ. ನನಗ ಅದು ಏನ್ ಮಾಡತೈತಿ ಅಂತ ತಿಳೀದು. ಚಲೋದು ಚೀಲದಾಗ ಹೋತು, ಹಳೇದು ಹೊರಗ ಬಂತು. ಅಷ್ಟ ಕಂಡಿದ್ದೆ."

"ಮತ್ತ ಯಾಕ ಹೇಳಲಿಲ್ಲರಿ ಅಜ್ಜಿ?"

"ಹೇಳಿದ್ರ ಚೇತ್ಯಾನ ಅಪ್ಪ ನಿನ್ನ ಹೊಸ್ತಿಲ ದಾಟಗೊಡತಿದ್ದಿಲ್ಲ. ನಮ್ಮ ಹುಡುಗಗ ನಿನ್ನ ಬಿಟ್ರ ಯಾರ ಅದಾರ? ಇವತ್ತ ತರತಿ, ನಾಳೆ ತರತಿ ಅಂತ ನೋಡಕೋತ ಮಲಗಿದ್ದೆ." ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಶಾಣ್ಯಾ ಅದಿ ತಮ್ಮಾ. ಆದ್ರ ಕೈ ಚಲೋ ಇಲ್ಲ ನಿಂದು."

ಮಧುವಿಗೆ ಕಣ್ಣು ತುಂಬಿ ಬಂತು. "ಕೀಲು ಹಿಡಿತಾವ ಅಂದಿದ್ರಿ?"

"ಹಂಗ ಅನ್ನದಿದ್ರ ಅವರಪ್ಪ ಈ ಪೆಟ್ಟಿಗಿನ ಹಿತ್ತಲಕ ಒಗೀತಿದ್ದ. ಹುಡುಗ ಆಸೆ ಮಾಡಿ ತಂದಾನ."

ಚೇತನ ಎರಡು ಪ್ಲೇಟು ಹಿಡಿದು ಬಂದ. ಮೇಲೆ ಹಸಿ ಉಳ್ಳಾಗಡ್ಡಿ, ಸೇವು, ಬದಿಗೆ ಬಿಸಿ ಮಿರ್ಚಿ. ಒಂದು ಪ್ಲೇಟನ್ನು ಮಧುವಿನ ಮುಂದಿಟ್ಟ. ಮಧು ಅದನ್ನು ಮುಟ್ಟಲಿಲ್ಲ.

"ಚೇತ್ಯಾ, ಈ ಫ್ಯಾನ್ ನಾ ಕೊಂಡು ತಂದಿದ್ದಲ್ಲ."

"ಹಳೇದಾದ್ರ ಏನಾತು? ತಿರಗತೈತಿಲ್ಲ?"

"ಅದು ನಿಂದ. ನಿನ್ನ ಪ್ರೊಸೆಸರ್ ಜೋಡಿ ಬಂದಿತ್ತು. ನಾ ಕದ್ದು ನನ್ನ ಕಂಪ್ಯೂಟರಿಗೆ ಹಾಕ್ಕೊಂಡಿದ್ದೆ. ಅದಕ್ಕ ನಿಂದು ಬಿಸಿ ಆಗಾಕತ್ತಿತ್ತು."

ಚೇತನ ನಕ್ಕ. ಚೇಷ್ಟೆಯೆಂದುಕೊಂಡ. ಮಧುವಿನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ. ಅಜ್ಜಿ ಗೋಡೆಯ ಕಡೆ ತಿರುಗಿದಳು. ನಗು ಅರ್ಧಕ್ಕೇ ನಿಂತಿತು. ಅವನ ಕಣ್ಣು ಸ್ಟೂಲಿನ ಕಡೆ ಹೋಯಿತು, ಅಲ್ಲಿಂದ ತಲೆದಿಂಬಿನ ಕಡೆ. ಎದ್ದು ಸ್ಟೂಲನ್ನು ಎತ್ತಿ ಮಂಚದ ತಲೆದೆಸೆಗೆ ತಂದಿಟ್ಟು, ಫ್ಯಾನನ್ನು ಅಜ್ಜಿಯ ಮುಖಕ್ಕೆ ತಿರುಗಿಸಿದ.

"ಬ್ಯಾಡೋ, ಕೀಲು..." ಎನ್ನುತ್ತ ಮಗ್ಗುಲಾದ ಗದಿಗೆವ್ವ ಮಾತು ಮುಗಿಸಲಿಲ್ಲ. ಗಾಳಿ ಮುಖಕ್ಕೆ ಬಡಿದು, ಬಿಳಿ ಕೂದಲು ಹಣೆಯಿಂದ ಹಾರಿ, ಅವಳ ಕಣ್ಣು ತಾವಾಗಿಯೇ ಮುಚ್ಚಿಕೊಂಡವು.

"ಹಾ," ಎಂದಳು.

ಅಷ್ಟೇ. ಇಡೀ ಬೇಸಿಗೆ ತಡೆದಿಟ್ಟುಕೊಂಡಿದ್ದ ಉಸಿರು ಅದು. ಇಬ್ಬರೂ ಹುಡುಗರು ಕೇಳಿದರು. ಇಬ್ಬರಲ್ಲಿ ಯಾರೂ ಇನ್ನೊಬ್ಬನ ಮುಖ ನೋಡಲಿಲ್ಲ.

ಚೇತನ ಮೆಲ್ಲಗೆ ಕೇಳಿದ: "ಬಾಕಿ ಹುಡುಗರ ಕಂಪ್ಯೂಟರಿನ್ಯಾಗೂ ಏನರೆ ತಗದಿಯೇನು?"

"ಇಲ್ಲೋ. ನಿಂದೊಂದ."

"ಖರೇನ?"

"ಖರೇ ಹೇಳಾಕತ್ತೇನಿ."

ಅವನು ಹೇಳಿದ್ದು ಖರೇ ಇತ್ತು. ಚೇತನ ತಲೆ ಅಲ್ಲಾಡಿಸಿದ, ಆದರೆ ನಂಬಿದ್ದಕ್ಕೋ ನಂಬದ್ದಕ್ಕೋ ಮಧುವಿಗೆ ತಿಳಿಯಲಿಲ್ಲ. ಇನ್ನು ಮೇಲೆ ಎಂದೂ ತಿಳಿಯುವುದಿಲ್ಲ ಎಂಬುದು ಮಾತ್ರ ತಿಳಿಯಿತು.

"ತಿನ್ರಲೇ ಇಬ್ರೂ, ಗಿರಮಿಟ್ಟು ಮೆತ್ತಗಾಗತೈತಿ," ಎಂದಳು ಗದಿಗೆವ್ವ, ಕಣ್ಣು ತೆರೆಯದೆ.

ಚೇತನ ತನ್ನ ಪ್ಲೇಟು ತೆಗೆದುಕೊಂಡು ಹೋಗಿ ಅಜ್ಜಿಯ ಕಾಲ ಬಳಿ ಕೂತ. ಮಧು ನೆಲದ ಮೇಲೆ ಬಿದ್ದಿದ್ದ ಸ್ಕ್ರೂ ಡ್ರೈವರನ್ನು ಎತ್ತಿಕೊಂಡು, ಉಳಿದ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡತೊಡಗಿದ. ಅವನ ಗಿರಮಿಟ್ಟು ಮೆತ್ತಗಾಯಿತು.