ಮೂರನೇ ಮಹಡಿಯ ಅಕ್ಕ

ಟೈಲರಮ್ಮನ ಮಂಡಿಗಳನ್ನು ಹಾಳು ಮಾಡಿದ್ದು ಹೊಲಿಗೆ ಯಂತ್ರವೇ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅವಳು ಮಾತ್ರ ಒಪ್ಪುತ್ತಿರಲಿಲ್ಲ. "ನಮ್ಮಕ್ಕ ಒಂದು ದಿನಾನೂ ಯಂತ್ರ ತುಳಿದೋಳಲ್ಲ. ಜನ್ಮ ಪೂರ್ತಿ ಸೀಮೆಸುಣ್ಣ ಹಿಡ್ಕೊಂಡು ನಿಂತೋಳು. ಮತ್ತೆ ಅವಳ ಮಂಡಿ ಯಾಕೆ ನನ್ನದಕ್ಕಿಂತ ಕೆಟ್ಟಿದೆ? ಇದು ನಮ್ಮಮ್ಮ ಬಿಟ್ಟುಹೋದ ಆಸ್ತಿ ಕಣ್ರೀ, ಇಬ್ಬರಿಗೂ ಸಮಪಾಲು," ಎನ್ನುತ್ತಿದ್ದಳು.

ಟೈಲರಮ್ಮನ ಮನೆ ನೆಲಮಹಡಿಯಲ್ಲಿತ್ತು, ಅಕ್ಕ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದಳು. ಶಾಲೆಯಿಂದ ನಿವೃತ್ತಳಾಗಿ ಎಷ್ಟು ವರ್ಷವಾಗಿದ್ದರೂ ಎಲ್ಲರ ಬಾಯಲ್ಲೂ ಅವಳು ಇನ್ನೂ ಹೆಡ್ಮಿಸ್ಸೇ. ಇಬ್ಬರ ಗಂಡಂದಿರೂ ತೀರಿಕೊಂಡ ಮೇಲೆ, ಒಂದೇ ಸೂರಿನಡಿ ಇದ್ದರೆ ಒಬ್ಬರಿಗೊಬ್ಬರು ಆಗುತ್ತೇವೆ ಎಂದು ಇಲ್ಲಿಗೆ ಬಂದಿದ್ದರು. ಆಗ ಇಬ್ಬರ ಕಾಲೂ ಗಟ್ಟಿಯಾಗಿದ್ದವು. ಕಟ್ಟಡಕ್ಕೆ ಲಿಫ್ಟ್ ಇಲ್ಲವೆನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಮೊದಲು ಅಕ್ಕ ಇಳಿಯುವುದು ನಿಂತಿತು, ಆಮೇಲೆ ತಂಗಿ ಹತ್ತುವುದು ನಿಂತಿತು. ಇಬ್ಬರೂ ಎದುರುಬದುರಾಗಿ ಈಗ ಒಂದು ವರ್ಷದ ಮೇಲಾಗಿತ್ತು. ತಂಗಿ ಅಂಗಳಕ್ಕೆ ಬಂದು ಕತ್ತು ಎತ್ತಿ ಕೂಗುವುದು, ಅಕ್ಕ ಕಿಟಕಿಯಿಂದ ಬಗ್ಗಿ ಉತ್ತರ ಕೊಡುವುದು, ಅಷ್ಟೇ. ಕೂಗಿದರೆ ಕೇಳುವಷ್ಟು ಹತ್ತಿರವಿರುವಾಗ ಫೋನು ಯಾಕೆ ಎಂದು ಇಬ್ಬರೂ ಅದನ್ನು ಮುಟ್ಟುತ್ತಿರಲಿಲ್ಲ. ಅಕ್ಕನ ಮುಖವೆಂದರೆ ತಂಗಿಗೆ ಈಗ ಒಂದು ಗದ್ದ, ಎರಡು ಮೂಗಿನ ಹೊಳ್ಳೆ. ಅಕ್ಕನಿಗೆ ಕಾಣುತ್ತಿದ್ದುದು ತಂಗಿಯ ನಡುನೆತ್ತಿ.

"ಪುಟ್ಟೀ, ನೆತ್ತಿ ಬೋಳಾಗ್ತಿದೆ ಕಣೇ, ಎಣ್ಣೆ ಹಚ್ಚು!" ಎಂದು ಹೆಡ್ಮಿಸ್ಸು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಿದ್ದಳು.

ನಗುವ ಮಾತು ನಿಜ. ಆದರೆ ಕಳೆದ ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂದು ಮೈ ಕೆಂಡವಾದಾಗ ನಗು ಇರಲಿಲ್ಲ. ಎರಡನೇ ಮಹಡಿಯ ನರ್ಸಮ್ಮ ಹತ್ತಿ ಹೋಗಿ ಔಷಧ ಕೊಟ್ಟಳು. ತಂಗಿ ಕೆಳಗೆ ಮೆಟ್ಟಿಲ ಬುಡದಲ್ಲಿ ಕಟಕಟೆ ಹಿಡಿದುಕೊಂಡು ನಿಂತೇ ಇದ್ದಳು. ನಾಲ್ಕು ಮೆಟ್ಟಿಲು ಹತ್ತಿದಳು, ಐದನೆಯದಕ್ಕೆ ಕಾಲು ಏಳಲಿಲ್ಲ. ಒಡಹುಟ್ಟಿದವಳು ತಲೆಯ ಮೇಲೆಯೇ ನರಳುತ್ತಿದ್ದಾಳೆ, ಹಣೆ ಮುಟ್ಟಿ ನೋಡುವ ಯೋಗ್ಯತೆ ತನಗಿಲ್ಲ ಎಂದು ಅವತ್ತು ಅವಳು ತನ್ನ ಕಾಲುಗಳನ್ನೇ ಶಪಿಸಿಕೊಂಡಳು.

ಮಂಡಿ ಸವೆತದ ಚಿಕಿತ್ಸೆಯ ಬಗ್ಗೆ ತಮ್ಮ ಆಸ್ಪತ್ರೆಯಲ್ಲಿ ಸಂಶೋಧನೆ ಶುರುವಾಗಿದೆ, ಮನೆಗೇ ಬರುತ್ತಾರೆ, ಸೇರಿಕೊಳ್ಳಿ ಎಂದವಳೂ ನರ್ಸಮ್ಮನೇ. ಇಬ್ಬರೂ ಬೇರೆಬೇರೆಯಾಗಿ ಹೆಸರು ಕೊಟ್ಟರು. ಗಂಡಂದಿರ ಮನೆತನದ ಹೆಸರು ಬೇರೆಬೇರೆ, ಬಾಗಿಲು ಬೇರೆಬೇರೆ. ಇವರು ಅಕ್ಕತಂಗಿಯರೆಂದು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಸಂಶೋಧನೆಯ ಡಾಕ್ಟರಮ್ಮ ಸಣ್ಣ ದನಿಯ, ದೊಡ್ಡ ಕನ್ನಡಕದ ಹೆಂಗಸು. ಟೈಲರಮ್ಮನ ಹಳೆಯ ಎಕ್ಸ್-ರೇ ಬೆಳಕಿಗೆ ಹಿಡಿದು ನೋಡಿ, ಪ್ರಶ್ನೆ ಕೇಳತೊಡಗಿದಳು.

"ಮೆಟ್ಟಿಲು ಹತ್ತೋವಾಗ ನೋವು ಎಷ್ಟಿರುತ್ತಮ್ಮಾ?"

"ಇಲ್ಲವೇ ಇಲ್ಲ."

"ಇಲ್ವಾ?" ಡಾಕ್ಟರಮ್ಮ ಪೆನ್ನು ನಿಲ್ಲಿಸಿದಳು. "ಕೊನೇ ಸಲ ಹತ್ತಿದ್ದು ಯಾವಾಗ?"

"ಹತ್ತೋದಿಲ್ವಲ್ಲ. ಹತ್ತಿದ್ರೆ ತಾನೇ ನೋವು?"

ಡಾಕ್ಟರಮ್ಮ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಎಷ್ಟೋ ಜನ ಹೀಗೇ ಹೇಳ್ತಾರಮ್ಮಾ. ನೋವು ಹೋಗಿರಲ್ಲ, ನೋವಾಗೋ ಜಾಗಕ್ಕೆ ಅವರೇ ಹೋಗೋದು ಬಿಟ್ಟಿರ್ತಾರೆ," ಎಂದಳು.

ಸಂಶೋಧನೆಯ ಕ್ರಮ ಹೀಗಿತ್ತು: ಸೇರಿದವರಲ್ಲಿ ಅರ್ಧ ಜನಕ್ಕೆ ಈಗಲೇ ವ್ಯಾಯಾಮ, ಇನ್ನರ್ಧ ಜನಕ್ಕೆ ಆರು ತಿಂಗಳು ಬಿಟ್ಟು. ಅಲ್ಲಿಯವರೆಗೆ ಕಾಯುವವರು ಎಂದಿನಂತೆ ಇರಬೇಕು, ಹೊಸದಾಗಿ ಯಾವ ವ್ಯಾಯಾಮವನ್ನೂ ಶುರು ಮಾಡಬಾರದು. ಯಾರು ಯಾವ ಗುಂಪು ಎಂದು ಆರಿಸುವುದು ಕಂಪ್ಯೂಟರು, ಚೀಟಿ ಎತ್ತಿದ ಹಾಗೆ. ತಂಗಿಗೆ ವ್ಯಾಯಾಮ ಬಂತು, ಅಕ್ಕನಿಗೆ ಕಾಯುವ ಸರದಿ ಬಂತು.

"ಆರು ತಿಂಗಳಾ?" ತಂಗಿ ಅಂಗಳದಲ್ಲಿ ನಿಂತು ಬಾಯಿ ಬಡಿದುಕೊಂಡಳು. "ನಮ್ಮ ವಯಸ್ಸಿಗೆ ಆರು ತಿಂಗಳು ಅಂದ್ರೆ ಸುಮ್ನೆನಾ ಅಕ್ಕಾ? ನಾನು ಕಲಿತದ್ದನ್ನ ನಿಂಗೂ ಹೇಳ್ಕೊಡ್ತೀನಿ, ಸುಮ್ನಿರು."

"ಬಾಯ್ಮುಚ್ಚು. ಸಹಿ ಹಾಕಿದೀನಿ ನಾನು. ಕೊಟ್ಟ ಮಾತು ಕೊಟ್ಟದ್ದೇ." ಕಿಟಕಿ ಮುಚ್ಚಿಕೊಂಡಿತು.

ವ್ಯಾಯಾಮ ಕಲಿಸಲು ಬಂದವನು ಉದ್ದ ಕೈಗಳ ಯುವಕ. ಮೊದಲ ದಿನವೇ ಟೈಲರಮ್ಮ ಅವನಿಗೆ ಮಂಡಿ ಮೇಷ್ಟ್ರು ಎಂದು ಹೆಸರಿಟ್ಟಳು. ಅವನು ಮಾಡಿಸಿದ್ದೆಲ್ಲ ನೋಡಲು ಮಕ್ಕಳಾಟ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು ಒತ್ತುವುದು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು. "ಇಷ್ಟಕ್ಕೆ ಇಷ್ಟು ದೂರದಿಂದ ಬಂದ್ರಾ?" ಎಂದು ಮೊದಲ ದಿನ ನಕ್ಕವಳು ಮಾರನೆಯ ದಿನ ಹಾಸಿಗೆಯಿಂದ ಏಳಲಾರದೆ ಅವನಿಗೆ ಹಿಡಿಶಾಪ ಹಾಕಿದಳು. ಆದರೆ ಬಿಡಲಿಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ಸ್ನಾನದ ಮನೆಯ ಹೊಸಿಲು ದಾಟುವಾಗ ಬಾಯಿಂದ ತಾನಾಗಿ ಬರುತ್ತಿದ್ದ "ಅಮ್ಮಾ" ನಿಂತುಹೋಗಿತ್ತು. ಅದು ನಿಂತಿದೆಯೆಂದು ಅವಳಿಗೆ ಗೊತ್ತಾದದ್ದೂ ತಡವಾಗಿ.

ಗೊತ್ತಾದ ದಿನವೇ ಅವಳಿಗೆ ಅಕ್ಕನ ಬಗ್ಗೆ ತಡೆಯಲಾಗಲಿಲ್ಲ. ಹೆಡ್ಮಿಸ್ಸು ಚಾಪೆ ಕೆಳಗೆ ನುಸುಳಿದರೆ ತಾನು ರಂಗೋಲಿ ಕೆಳಗೆ ನುಸುಳುವವಳು ಎಂದುಕೊಂಡು ಫೋನು ಕೈಗೆತ್ತಿಕೊಂಡಳು.

"ಅಕ್ಕಾ, ಬಾಗಿಲಿಗೆ ಚಿಲಕ ಹಾಕಿದ್ಯಾ ನೋಡು, ಯಾರೋ ಕಳ್ಳರು ಓಡಾಡ್ತಿದಾರಂತೆ."

"ಹಾಕಿದೀನಿ."

"ಎದ್ದು ನೋಡು ಮಾರಾಯ್ತಿ."

ಅಕ್ಕ ಎದ್ದಳು, ನೋಡಿದಳು, ಬಂದು ಕೂತಳು. "ಗ್ಯಾಸು?" ಮತ್ತೆ ಎದ್ದಳು. "ಹಿಂದಿನ ಕಿಟಕಿ?" ಮತ್ತೆ. ಮಾರನೆಯ ದಿನ ಬೀರುವಿನ ಮೇಲೆ ತನ್ನ ದೊಡ್ಡ ಕತ್ತರಿ ಉಳಿದಿದೆಯಾ ಎಂದು ಹಿಮ್ಮಡಿ ಎತ್ತಿ ನೋಡಿಸಿದಳು. ಕತ್ತರಿ ತಂಗಿಯ ಎದುರಿಗೇ ಹೊಲಿಗೆ ಮೇಜಿನ ಮೇಲಿತ್ತು. ಟವೆಲ್ಲಿನದು ಕಷ್ಟವಾಯಿತು. ಕೊನೆಗೆ, "ನಿಂಗೆ ಮಂಡಿ ಕೆಳಗಿಡೋ ದಿಂಬು ಹೊಲೀತಿದೀನಿ ಅಕ್ಕಾ, ಎಷ್ಟು ದಪ್ಪ ಬೇಕು ಅಂತ ಗೊತ್ತಾಗ್ತಿಲ್ಲ. ಟವೆಲ್ ಇಟ್ಟು ಒತ್ತು. ಬಿಡು. ಇನ್ನೊಂದ್ಸಲ ಒತ್ತು," ಎಂದಳು. ದಿಂಬಿನ ಅಳತೆ ವಾರಗಟ್ಟಲೆ ಮುಗಿಯಲಿಲ್ಲ. ಅಕ್ಕ ಗೊಣಗುತ್ತ ಗೊಣಗುತ್ತ ಎಲ್ಲವನ್ನೂ ಮಾಡಿದಳು. ಇಷ್ಟು ಬುದ್ಧಿವಂತೆಗೆ ಇಷ್ಟು ಸಣ್ಣ ಆಟ ತಿಳಿಯುವುದಿಲ್ಲವಲ್ಲ ಎಂದು ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆಟ ಮುಗಿದ ಮೇಲೂ ಫೋನು ಇಡುತ್ತಿರಲಿಲ್ಲ. ಅಂಗಳದಿಂದ ಕೂಗಿ ಹೇಳಲಾಗದ ಮಾತುಗಳು ಎಷ್ಟಿದ್ದವೆಂದು ಆಗ ತಿಳಿಯಿತು. ಅಮ್ಮ ಸತ್ತ ದಿನದ ಮಾತು, ತಂಗಿಗೆ ಮಕ್ಕಳಾಗದ ಮಾತು, ಅಕ್ಕನ ಮಗಳು ಸಿಡುಕುವ ಮಾತು.

ಹೀಗಿರುವಾಗ ಒಂದು ದಿನ ಮಂಡಿ ಮೇಷ್ಟ್ರು ಚಹಾ ಕುಡಿಯುತ್ತ ಮಾತಿನ ನಡುವೆ ಹೇಳಿದ: "ನಿಮ್ಮಂಥೋರಿಗಿಂತ ಕಾಯೋ ಗುಂಪಿನೋರು ದೊಡ್ಡೋರು ಟೈಲರಮ್ಮಾ. ನೋವು ಇಟ್ಕೊಂಡೇ ಸುಮ್ನಿರ್ತಾರೆ. ಅವರಿದ್ರೆ ತಾನೇ ನಮ್ಮ ವ್ಯಾಯಾಮದಿಂದ ಗುಣ ಆಯ್ತಾ, ತಾನಾಗೇ ಆಯ್ತಾ ಅಂತ ತಿಳಿಯೋದು?"

"ಅವರಲ್ಲಿ ಯಾರಾದ್ರೂ ಕದ್ದು ವ್ಯಾಯಾಮ ಮಾಡಿದ್ರೆ?"

"ಅವರೂ ಹುಷಾರಾಗ್ತಾರೆ. ಎರಡು ಗುಂಪೂ ಒಂದೇ ಥರ ಕಾಣುತ್ತೆ. ಹಾಗಾದ್ರೆ ವ್ಯಾಯಾಮದಿಂದ ಏನೂ ಉಪಯೋಗ ಇಲ್ಲ ಅಂತ ನಾವೇ ಬರೆದುಬಿಡ್ತೀವಿ. ನಾಳೆ ಯಾವ ಡಾಕ್ಟ್ರೂ ಯಾರಿಗೂ ಇದನ್ನ ಹೇಳಲ್ಲ. ಯಾಕೆ, ಏನಾಯ್ತು?"

"ಏನಿಲ್ಲ, ಸಕ್ಕರೆ ಸಾಕಾ ಅಂತ," ಎಂದಳು ಟೈಲರಮ್ಮ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ಅವಳ ಸ್ಥಿತಿ.

ಅವತ್ತಿನಿಂದ ಅವಳು ಫೋನು ಮಾಡಲಿಲ್ಲ. ಕಣ್ಣು ಮುಚ್ಚಿದರೆ, ತಾನು ಕಂಡರಿಯದ ಯಾವುದೋ ಊರುಗಳ ಮೆಟ್ಟಿಲ ಬುಡದಲ್ಲಿ, ಕಟಕಟೆ ಹಿಡಿದು ನಿಂತ ಹೆಂಗಸರು ಕಾಣುತ್ತಿದ್ದರು. ಅವರಿಗೆಲ್ಲ ಸಿಗಬೇಕಾದ ಚಿಕಿತ್ಸೆಗೆ ತಾನು ಕಲ್ಲು ಹಾಕಿದೆನೇ? ಒಂದು ಅಂಗಿಗೆ ತಪ್ಪು ಅಳತೆ ಹಿಡಿದರೆ ಬಿಚ್ಚಿ ಹೊಲಿಯಬಹುದು. ಇದನ್ನು ಎಲ್ಲಿಂದ ಬಿಚ್ಚುವುದು?

ಕೆಲವು ದಿನಕ್ಕೆ ಅಕ್ಕನೇ ಫೋನು ಮಾಡಿದಳು. ಅವಳಾಗಿ ಮಾಡಿದ್ದು ಅದೇ ಮೊದಲು.

"ಏನೇ, ನನ್ನ ಗ್ಯಾಸು ಆಫ್ ಆಗಿದ್ಯೋ ಇಲ್ವೋ ಕೇಳೋರೇ ಇಲ್ಲ?"

"ಕೆಲಸ ಇತ್ತು ಅಕ್ಕಾ."

"ದನಿ ಯಾಕೆ ಹೀಗಿದೆ? ಹುಷಾರಿಲ್ವಾ? ಪುಟ್ಟೀ?"

ಆ "ಪುಟ್ಟೀ" ಕೇಳಿದ ಮೇಲೆ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಫೋನಿಟ್ಟು ಒಂದಷ್ಟು ಹೊತ್ತು ಅತ್ತಳು. ಆಮೇಲೆ ಮುಖ ತೊಳೆದು, ಆಸ್ಪತ್ರೆಗೆ ಫೋನು ಹಚ್ಚಿ, ಡಾಕ್ಟರಮ್ಮನ ಹತ್ತಿರ ಒಂದು ಮಾತು ಹೇಳುವುದಿದೆ ಎಂದಳು.

ಡಾಕ್ಟರಮ್ಮ ಮಾರನೆಯ ಬೆಳಿಗ್ಗೆ ತಾನೇ ಬಂದಳು. ಟೈಲರಮ್ಮ ಅವಳನ್ನು ಕೂರಿಸಿ, ತಾನು ನಿಂತೇ, ಚಿಲಕದಿಂದ ದಿಂಬಿನವರೆಗೆ ಎಲ್ಲ ಒಪ್ಪಿಸಿದಳು. "ನಮ್ಮಕ್ಕಂದು ಏನೂ ತಪ್ಪಿಲ್ಲ ತಾಯಿ. ಅವಳಿಗೆ ಏನೂ ಗೊತ್ತಿಲ್ಲ. ನನ್ನನ್ನ ಬೇಕಾದ್ರೆ ತೆಗೆದುಹಾಕಿ, ಅವಳ ಸರದಿ ಮಾತ್ರ ತಪ್ಪಿಸಬೇಡಿ."

ಡಾಕ್ಟರಮ್ಮ ಕನ್ನಡಕ ತೆಗೆದಳು. ಈ ಸಲ ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡಳು. ತುಟಿಯ ಮೂಲೆಯಲ್ಲಿ ನಗು ಇತ್ತು.

"ಅಮ್ಮಾ, ನೀವು ಚಿಲಕ ನೋಡಿಸಿದ ಎರಡೇ ದಿನಕ್ಕೆ ಅವರು ನಂಗೆ ಫೋನ್ ಮಾಡಿ ಹೇಳಿದ್ರು. 'ನಮ್ಮ ತಂಗಿ ನಂಗೆ ಕಳ್ಳತನದಲ್ಲಿ ವ್ಯಾಯಾಮ ಮಾಡಿಸ್ತಿದಾಳೆ, ಬರ್ಕೊಳ್ಳಿ' ಅಂತ. ಆಮೇಲೆ ಪ್ರತಿ ವಾರ ಲೆಕ್ಕ ಒಪ್ಪಿಸ್ತಿದಾರೆ. ಅವರನ್ನ ಕೇಳಿಯೇ ನಿಮಗಿದನ್ನ ಹೇಳ್ತಿದೀನಿ."

ಟೈಲರಮ್ಮ ಕೂತುಬಿಟ್ಟಳು. "ಗೊತ್ತಿತ್ತಾ? ಮತ್ತೆ ನಂಗೆ ಯಾಕೆ ಹೇಳಲಿಲ್ಲ? ಮಾತು ಅಂದ್ರೆ ಪ್ರಾಣ ಕೊಡೋಳು ಅವಳು."

"ನಾನೂ ಅದನ್ನೇ ಕೇಳಿದೆ. ಅವರು ಏನಂದ್ರು ಗೊತ್ತಾ? 'ಗೊತ್ತು ಅಂತ ಹೇಳಿದ್ರೆ ಅವಳು ಫೋನ್ ಮಾಡೋದು ನಿಲ್ಲಿಸ್ತಾಳೆ ಡಾಕ್ಟ್ರೇ. ಮಂಡಿ ನೋವು ನಾನು ಆರು ತಿಂಗಳು ತಡೀತೀನಿ. ಇದನ್ನ ತಡೀಲಾರೆ.'"

ಹೊರಗೆ ಅಂಗಳದಲ್ಲಿ ಯಾರೋ ಬಟ್ಟೆ ಒದರಿ ಒಣಹಾಕುತ್ತಿದ್ದರು. ಟೈಲರಮ್ಮ ಕೇಳಿದಳು, "ನಿಮ್ಮ ಸಂಶೋಧನೆ ಕೆಟ್ಟುಹೋಯ್ತಾ?"

"ನೂರಾರು ಜನ ಇದಾರಮ್ಮಾ. ಚೀಟಿ ಯಾವ ಗುಂಪಿಗೆ ಬಿತ್ತೋ ಅಲ್ಲೇ ಅವರನ್ನ ಎಣಿಸ್ತೀವಿ, ನಡೆದದ್ದನ್ನ ಇದ್ದ ಹಾಗೇ ಬರೀತೀವಿ. ಸುಳ್ಳು ಹೇಳಿದ್ರೆ ಕೆಡುತ್ತೆ, ನಿಜ ಹೇಳಿದ್ರೆ ಕೆಡಲ್ಲ. ತಪ್ಪು ನಮ್ಮದೂ ಇದೆ, ಒಂದೇ ಕಟ್ಟಡದೋರು ನೀವು ಒಬ್ಬರಿಗೊಬ್ಬರು ಏನಾಗ್ಬೇಕು ಅಂತ ಕೇಳಬೇಕಿತ್ತು. ಹೊಸದಾಗಿ ಸೇರೋರಿಗೆಲ್ಲ ಈಗ ಕೇಳ್ತಿದೀವಿ." ಬಾಗಿಲ ಹತ್ತಿರ ನಿಂತು ತಿರುಗಿ, "ಇನ್ಮೇಲೆ ದಿಂಬು ಬೇಡ. ಮಾತು ಇರಲಿ," ಎಂದು ಹೊರಟುಹೋದಳು.

ಟೈಲರಮ್ಮ ಫೋನಿನ ಕಡೆ ನೋಡಿದಳು. ಎತ್ತಲಿಲ್ಲ. ಚಪ್ಪಲಿ ಬಿಟ್ಟು, ಒಂದು ಕೈಯಲ್ಲಿ ಕಟಕಟೆ ಹಿಡಿದು, ಮೆಟ್ಟಿಲ ಬುಡದಲ್ಲಿ ನಿಂತಳು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ಮಂಡಿ ಮೇಷ್ಟ್ರು ಹೇಳಿಕೊಟ್ಟಿದ್ದ. ಒಳ್ಳೆಯ ಕಾಲು ಇಟ್ಟಳು. ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಂಡಳು. ಐದನೆಯ ಮೆಟ್ಟಿಲು ಬಂತು, ಹೋಯಿತು. ಮೊದಲ ತಿರುವಿನಲ್ಲಿ ಗೋಡೆಗೆ ಒರಗಿ ಉಸಿರು ಬಿಟ್ಟಳು. ಮಂಡಿ ನೋಯುತ್ತಿತ್ತು. ಆದರೆ ಹಿಂದಿನ ಹಾಗೆ ಕುಸಿಯುತ್ತಿರಲಿಲ್ಲ, ಬೈದುಕೊಂಡೇ ಹೊರೆ ಹೊರುವ ಆಳಿನ ಹಾಗೆ ಗೊಣಗುತ್ತ ಜೊತೆಗೆ ಬರುತ್ತಿತ್ತು.

"ಯಾರದು?" ಮೇಲಿನಿಂದ ದನಿ ಬಂತು. ಶಾಲೆಯ ಹೊರಾಂಗಣವನ್ನೆಲ್ಲ ನಿಲ್ಲಿಸುತ್ತಿದ್ದ ದನಿ.

"ಕಳ್ಳ!" ಎಂದಳು ತಂಗಿ, ಏದುಸಿರಿನಲ್ಲಿ.

ಮೇಲೆ ಬಾಗಿಲು ತೆರೆದ ಸದ್ದಾಯಿತು. "ಅಲ್ಲೇ ನಿಲ್ಲು! ಬೀಳ್ತೀಯ! ನಾನು ಬರ್ತೀನಿ!"

"ನೀನು ಬೀಳ್ತೀಯ ಕಣೇ! ನೋವಿನ ಕಾಲು ಮೊದಲು ಇಡು!"

"ನಂಗೆ ಎರಡೂ ನೋವಿನ ಕಾಲೇ!"

ನರ್ಸಮ್ಮನ ಬಾಗಿಲಿನಾಚೆಯ ತಿರುವಿನಲ್ಲಿ ಅವರು ಎದುರಾದರು. ಅಕ್ಕ ಎಷ್ಟು ಸಣ್ಣಗಾಗಿದ್ದಳೆಂದರೆ ತಂಗಿಗೆ ಒಂದು ಕ್ಷಣ ಅಮ್ಮನೇ ಇಳಿದು ಬಂದಂತೆ ಕಂಡಿತು. ಕೈ ತಾನಾಗಿ ಮೇಲೆದ್ದು ಅಕ್ಕನ ಹಣೆ ಮುಟ್ಟಿತು.

"ಜ್ವರ ಏನಿಲ್ಲ ಬಿಡೇ," ಎಂದಳು ಅಕ್ಕ. ಆದರೆ ಹಣೆಯನ್ನು ಸರಿಸಲಿಲ್ಲ. ಕಣ್ಣು ಮುಚ್ಚಿಕೊಂಡಳು.

ನಿಲ್ಲಲಾರದೆ ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಕೂತ ಮೇಲೆ ತಿಳಿಯಿತು, ಮೆಟ್ಟಿಲು ಕುರ್ಚಿಗಿಂತ ಎಷ್ಟೋ ತಗ್ಗು. ಏಳಲು ನೋಡಿದರು, ಆಗಲಿಲ್ಲ. ಒಬ್ಬರನ್ನೊಬ್ಬರು ಹಿಡಿದು ನೋಡಿದರು, ಇಬ್ಬರೂ ಹಿಂದಕ್ಕೆ ಕುಕ್ಕರಿಸಿದರು. ಹೆಡ್ಮಿಸ್ಸಿಗೆ ನಗು ಬಂತು. ಟೈಲರಮ್ಮನಿಗೂ ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆ ನೀರು ಯಾವಾಗ ನಗುವಿನದಾಗಿ ಉಳಿಯಲಿಲ್ಲವೋ ಇಬ್ಬರಿಗೂ ಗೊತ್ತಾಗಲಿಲ್ಲ. ಅಕ್ಕ ತಂಗಿಯ ಕೈಯನ್ನು ತನ್ನ ಮಡಿಲಿಗೆಳೆದು ಇಟ್ಟುಕೊಂಡಳು.

ಆ ಹೊತ್ತಿಗೆ ಪಾಠಕ್ಕೆ ಬಂದ ಮಂಡಿ ಮೇಷ್ಟ್ರು ಕೆಳಗಿನ ಬಾಗಿಲು ಹಾರುಹೊಡೆದಿದ್ದನ್ನು ಕಂಡು ಗಾಬರಿಯಿಂದ ಮೇಲಕ್ಕೆ ಓಡಿಬಂದ. ತಿರುವಿನಲ್ಲಿ ಕೂತಿದ್ದ ಇಬ್ಬರನ್ನೂ ನೋಡಿ ನಿಂತ. ಬ್ಯಾಗು ಇಳಿಸಿ ಎರಡೂ ಉದ್ದ ಕೈ ಚಾಚಿದ.

"ಏಳಿ, ಒಬ್ಬೊಬ್ಬರಾಗಿ. ಎಲ್ಲಿಗೆ ಹೋಗೋಣ, ಮೇಲಕ್ಕೋ ಕೆಳಕ್ಕೋ?"

"ಸ್ವಲ್ಪ ತಡೀರಿ ಮೇಷ್ಟ್ರೇ," ಎಂದಳು ಅಕ್ಕ. "ಇವಳು ಏನೋ ಹೇಳ್ತಿದ್ಲು, ಇನ್ನೂ ಅರ್ಧ ಬಾಕಿ ಇದೆ. ನೀವೂ ಕೂತ್ಕೊಳ್ಳಿ."

ಮಂಡಿ ಮೇಷ್ಟ್ರು ಗಡಿಯಾರ ನೋಡಿಕೊಂಡ. ಆಮೇಲೆ ಕೆಳಗಿನ ಮೆಟ್ಟಿಲ ಮೇಲೆ, ಮಂಡಿ ಮಡಚಿ, ಸದ್ದಿಲ್ಲದೆ ಕೂತ.